ಮಾಡಿದ ತಪ್ಪು, ಮಾಡದೆ ಬಿಟ್ಟ ಒಳಿತು

(ಶತಮಾನೋತ್ಸವದ ಆಧ್ಯಾತ್ಮಿಕ ಸಿದ್ಧತೆಯ ಅಂಗವಾಗಿ ಹಂಪನಕಟ್ಟೆಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಮನೆಯಲ್ಲಿ ಲೆಕ್ಕ ಹಾಕುವುದು ಸಹಜ. ನಮ್ಮ ಇಗರ್ಜಿಯಲ್ಲಿ ಎಷ್ಟು ಮಂದಿಗೆ ಜ್ಞಾನಸ್ನಾನವಾಯಿತು, ಎಷ್ಟು ಜೋಡಿಗಳು ಪೀಠದ ಮುಂದೆ ಕೈಹಿಡಿದರು, ಗೋಪುರಕ್ಕೆ ಗಂಟೆ ಎಂದು ಬಂದಿತು, ಮಾಡಿಗೆ ಹೆಂಚು ಹೊದಿಸಲು ಯಾರು ಹಣ ಕೊಟ್ಟರು, ಇವೆಲ್ಲವೂ ಹೊರಬರಲಿರುವ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಲಿವೆ. ಅಚ್ಚಾಗಲೇಬೇಕು. ಆದರೆ ಯಾವ ಸ್ಮರಣ ಸಂಚಿಕೆಯಲ್ಲಿಯೂ ಅಚ್ಚಾಗದ ಒಂದು ಪಟ್ಟಿಯಿದೆ. ಅದು ನಾವು ಮಾಡಬಹುದಾಗಿದ್ದು ಮಾಡದೆ ಬಿಟ್ಟ ಕಾರ್ಯಗಳ ಪಟ್ಟಿ. ಸಮಿತಿಯವರು ನಮಗೆ 'ಪಶ್ಚಾತ್ತಾಪ' ಎಂಬ ವಿಷಯವನ್ನು ಕೊಟ್ಟಾಗ ನಮ್ಮ ಮನಸ್ಸು ನೇರವಾಗಿ ಆ ಅಚ್ಚಾಗದ ಪಟ್ಟಿಯತ್ತ ಹೋಯಿತು.

ನಾವು ಇಂದು ಸೇರಿರುವ ಈ ಹಂಪನಕಟ್ಟೆಯಿಂದಲೇ ಮಾತನ್ನು ಆರಂಭಿಸೋಣ. ಹಿಂದೆ ಅಪ್ಪಣ್ಣನೆಂಬ ಒಬ್ಬ ಪುಣ್ಯಾತ್ಮನು ಇಲ್ಲಿಯ ಕಟ್ಟೆಯ ಬಳಿ ದಾರಿಹೋಕರಿಗೆ ಕುಡಿಯುವ ನೀರು ಕೊಡುತ್ತಿದ್ದನಂತೆ. 'ಅಪ್ಪಣ್ಣನ ಕಟ್ಟೆ'ಯೇ ಜನರ ಬಾಯಲ್ಲಿ ಹಂಪನಕಟ್ಟೆಯಾಯಿತೆಂಬುದು ಹಿರಿಯರು ಹೇಳುತ್ತ ಬಂದ ಐತಿಹ್ಯ. ಅಪ್ಪಣ್ಣನು ಯಾರು, ಅವನ ಆಸ್ತಿಯೆಷ್ಟು ಎಂಬುದು ಯಾರಿಗೂ ಬೇಕಾಗಿಲ್ಲ. ಬಾಯಾರಿದವರಿಗೆ ಅವನು ನೀರು ಕೊಟ್ಟ. ಅಷ್ಟರಿಂದಲೇ ಅವನ ಹೆಸರು ಊರಿನ ನಡುವೆ ನಿಂತಿತು. 2022ರಲ್ಲಿ ಇಲ್ಲಿಯ ರಸ್ತೆಯ ಕಾಮಗಾರಿಗಾಗಿ ನೆಲ ಅಗೆದಾಗ ಡಾಂಬರಿನ ಅಡಿಯಲ್ಲಿ ಒಂದು ಹಳೆಯ ಬಾವಿ ಬೆಳಕಿಗೆ ಬಂದುದನ್ನು ತಾವೆಲ್ಲರೂ ಬಲ್ಲಿರಿ. ಎಷ್ಟು ಕಾಲ ನಾವು ಆ ಬಾವಿಯ ಮೇಲೆಯೇ ಓಡಾಡಿದೆವು! ಬಸ್ಸುಗಳು ಓಡಿದವು, ಮೆರವಣಿಗೆಗಳು ಸಾಗಿದವು, ಮಾರುಕಟ್ಟೆಗೆ ಹೋಗುವವರು ಹೋದರು. ಕಾಲಡಿಯಲ್ಲಿ ಒಂದು ಬಾವಿ ಇದೆಯೆಂಬ ಯೋಚನೆ ಯಾರಿಗೂ ಬರಲಿಲ್ಲ. ನಾವು ಮಾಡದೆ ಬಿಟ್ಟ ಒಳಿತುಗಳೂ ಹೀಗೆಯೇ ನಮ್ಮ ದಿನನಿತ್ಯದ ಗಡಿಬಿಡಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ.

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಮಾಡಿದ್ದನ್ನು ಉಣ್ಣಲೇಬೇಕು, ಸರಿಯೇ. ಆದರೆ ಮಾಡದೆ ಬಿಟ್ಟದ್ದನ್ನು ಉಣ್ಣುವವರು ಯಾರು? ಅದರ ಕಹಿಯನ್ನು ಉಂಡವರು ಅನೇಕ ವೇಳೆ ನಾವಲ್ಲ; ನಮ್ಮ ನೆರವಿಗಾಗಿ, ನಮ್ಮ ಒಂದು ಮಾತಿಗಾಗಿ ಕಾದು ಕುಳಿತಿದ್ದ ಇನ್ನೊಬ್ಬರು. ನಮ್ಮ ಪಾಲಿಗೆ ಅದು ಬಹಳ ತಡವಾಗಿ, ತಲೆ ನರೆತ ಮೇಲೆ, ರಾತ್ರಿ ನಿದ್ದೆ ಬಾರದ ಹೊತ್ತಿನಲ್ಲಿ ಬರುತ್ತದೆ.

ಎರಡು ಬಗೆಯ ಮರುಕ

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಪರಿಶೀಲಿಸಿದ್ದಾರೆ. 1982ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ವಿದ್ವಾಂಸರು ಒಂದು ಪ್ರಶ್ನೆಯನ್ನು ಜನರ ಮುಂದಿಟ್ಟರು. ಒಬ್ಬನು ತನ್ನ ಷೇರುಗಳನ್ನು ಬದಲಾಯಿಸಿದ್ದರಿಂದ ಲಾಭವನ್ನು ಕಳೆದುಕೊಂಡ. ಇನ್ನೊಬ್ಬನು ಬದಲಾಯಿಸಬೇಕೆಂದುಕೊಂಡು ಸುಮ್ಮನೆ ಉಳಿದು ಅಷ್ಟೇ ಲಾಭವನ್ನು ಕಳೆದುಕೊಂಡ. ಯಾರು ಹೆಚ್ಚು ಮರುಗುವರು? ಬದಲಾಯಿಸಿದವನೇ ಹೆಚ್ಚು ಮರುಗುವನೆಂದು ಹೆಚ್ಚಿನವರು ಹೇಳಿದರು. ಕೈಯಾರೆ ಮಾಡಿದ ತಪ್ಪು ಹೆಚ್ಚು ಚುಚ್ಚುತ್ತದೆಂಬುದು ನಮ್ಮೆಲ್ಲರ ಅನುಭವವೂ ಹೌದು.

ಮುಂದೆ 1994 ಮತ್ತು 1995ರಲ್ಲಿ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬವರು ಪ್ರಕಟಿಸಿದ ಅಧ್ಯಯನಗಳು ಈ ಚಿತ್ರಕ್ಕೆ ಇನ್ನೊಂದು ಮುಖವನ್ನು ಸೇರಿಸಿದವು. ಹತ್ತಿರದ ದಿನಗಳನ್ನು ನೆನೆಯುವಾಗ ಮಾಡಿದ ತಪ್ಪುಗಳು ಮನಸ್ಸನ್ನು ಕಲಕುತ್ತವೆ; ಇಡೀ ಜೀವನವನ್ನು ಹಿಂದಿರುಗಿ ನೋಡುವಾಗಲಾದರೋ ಮಾಡದೆ ಬಿಟ್ಟವುಗಳೇ ಹೆಚ್ಚಾಗಿ ಎದುರು ಬಂದು ನಿಲ್ಲುತ್ತವೆ. ಕಾಲವು ಒಂದು ನೋವನ್ನು ಇಳಿಸುತ್ತದೆ, ಇನ್ನೊಂದನ್ನು ಏರಿಸುತ್ತದೆ. ಇದಕ್ಕೆ ಕಾರಣವೇನು?

ನಮ್ಮ ಸ್ವಂತ ಜೀವನದ ಎರಡು ಪ್ರಸಂಗಗಳನ್ನು ತಮ್ಮ ಮುಂದಿಡುವುದಕ್ಕೆ ಅಪ್ಪಣೆಯಿರಲಿ. ಇವುಗಳಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ತಂದೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಪಾಲು ಆಯಿತು. ತೆಂಗಿನ ತೋಟದ ಗಡಿಯ ವಿಷಯದಲ್ಲಿ ನಾವು ನಾಲ್ಕು ಜನರೆದುರು ನಮ್ಮ ಅಣ್ಣನವರಿಗೆ ಆಡಬಾರದ ಮಾತನ್ನು ಆಡಿದೆವು. ಮೂರು ವರ್ಷ ಮಾತುಕತೆ ನಿಂತಿತು. ಇಗರ್ಜಿಯಲ್ಲಿ ಅವರು ಎಡಗಡೆಯ ಬಾಗಿಲಿನಿಂದ ಬಂದರೆ ನಾವು ಬಲಗಡೆಯಿಂದ ಹೊರಡುವುದು. ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದಾಗ ಗುರುಗಳು ಬೇರೇನನ್ನೂ ವಿಧಿಸದೆ, "ಮೊದಲು ಅಣ್ಣನ ಮನೆಗೆ ಹೋಗಿ ಬಾ" ಎಂದರು. ಹೋದೆವು. ಹೊಸ್ತಿಲಲ್ಲಿ ನಿಂತು ತಪ್ಪಾಯಿತೆಂದೆವು. ಅಣ್ಣನವರು ಬಹಳ ಹೊತ್ತು ಸುಮ್ಮನಿದ್ದು, "ಕುಳಿತುಕೋ, ಊಟ ಮಾಡಿಕೊಂಡು ಹೋಗು" ಎಂದರು. ಹೊರಡುವಾಗ ಅತ್ತಿಗೆಯವರು ನಮ್ಮ ಚೀಲಕ್ಕೆ ಎರಡು ತೆಂಗಿನಕಾಯಿ ಹಾಕಿದರು. ಯಾವ ತೋಟಕ್ಕಾಗಿ ಜಗಳವಾಡಿದ್ದೆವೋ ಅದೇ ತೋಟದ ಕಾಯಿಗಳು. ಆ ಮಾತಿನ ನೆನಪು ಇಂದಿಗೂ ನಮ್ಮನ್ನು ನಾಚಿಸುತ್ತದೆ. ಆದರೂ ಅದು ಮಾಗಿದ ಗಾಯ.

ಎರಡನೆಯದು ಹೀಗೆ. ನಾವು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುವ ವರ್ಷ ಮನೆಯಲ್ಲಿ ಶುಲ್ಕ ಕಟ್ಟುವಷ್ಟೂ ಹಣವಿರಲಿಲ್ಲ. ಒಬ್ಬ ಮಾಸ್ಟ್ರು ಯಾರಿಗೂ ಹೇಳದೆ ಅದನ್ನು ಕಟ್ಟಿದರು. ನಮಗೆ ಕೆಲಸ ಸಿಕ್ಕಿ ಮೊದಲ ಸಂಬಳ ಬಂದ ದಿನ ಅವರಿಗೆಂದು ಒಂದು ಅಂಗಿಯ ಬಟ್ಟೆಯನ್ನು ಕೊಂಡೆವು. ನಿವೃತ್ತರಾದ ಅವರು ಇದೇ ಹಂಪನಕಟ್ಟೆಯ ಹಿಂದಣ ಒಂದು ಓಣಿಯಲ್ಲಿ ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ದಿನಾಲೂ ಬಸ್ಸಿಳಿದು ಕಚೇರಿಗೆ ಹೋಗುವಾಗ ಆ ಓಣಿಯ ಬಾಯಿಯನ್ನು ದಾಟಿಯೇ ಹೋಗುತ್ತಿದ್ದೆವು. ಇಂದು ತಡವಾಯಿತು, ಭಾನುವಾರ ಹೋಗೋಣವೆಂದುಕೊಂಡೆವು. ಭಾನುವಾರ ಮನೆಯಲ್ಲಿ ಬಂಧುಗಳು ಬಂದರು. ಮುಂದಿನ ಭಾನುವಾರ ಮಳೆ. ಹೀಗೆ ಎರಡು ವರ್ಷ ಸಂದುಹೋಯಿತು. ಒಂದು ಭಾನುವಾರ ಬಲಿಪೂಜೆಯ ಕೊನೆಗೆ ಅವರ ಅಂತ್ಯಕ್ರಿಯೆಯ ಪ್ರಕಟಣೆಯನ್ನು ಓದಿದರು. ಆ ಬಟ್ಟೆಯ ಪೊಟ್ಟಣ ಇಂದಿಗೂ ನಮ್ಮ ಕಪಾಟಿನಲ್ಲಿದೆ. ಕಾಗದದ ಮೇಲಣ ಅಂಗಡಿಯ ಹೆಸರು ಮಾಸಿಹೋಗಿದೆ.

ಅಣ್ಣನವರಿಗೆ ಮಾಡಿದ ಅಪಚಾರಕ್ಕೆ ಒಂದು ದಿನಾಂಕವಿತ್ತು, ಸಾಕ್ಷಿಗಳಿದ್ದರು, ಕ್ಷಮೆ ಕೇಳಲು ಒಂದು ಹೊಸ್ತಿಲಿತ್ತು. ಮಾಸ್ಟ್ರ ವಿಷಯದಲ್ಲಿ ನಾವು ಯಾವ ದಿನ ತಪ್ಪು ಮಾಡಿದೆವು? ಸೋಮವಾರವೇ? ಮಂಗಳವಾರವೇ? ಯಾವ ದಿನವೂ ಅಲ್ಲ, ಎಲ್ಲ ದಿನವೂ ಹೌದು. ಅವರು ನಮ್ಮನ್ನು ದೂರಲಿಲ್ಲ, ಯಾರೂ ನಮ್ಮನ್ನು ಗದರಿಸಲಿಲ್ಲ. ಅಷ್ಟೇಕೆ, ಆ ಎರಡು ವರ್ಷಗಳಲ್ಲಿ ನಾವು ಅನೇಕ ಸಲ ಪಾಪನಿವೇದನೆ ಮಾಡಿದ್ದೇವೆ. ಒಮ್ಮೆಯಾದರೂ ಅದು ನಾಲಗೆಗೆ ಬರಲಿಲ್ಲ. ಅದು ಪಾಪವೆಂದೇ ತೋರಲಿಲ್ಲ. ಕಾಲ ಕಳೆದಂತೆ ಈ ನೋವು ಬೆಳೆಯುವುದು ಇದಕ್ಕಾಗಿಯೇ. ಮಾಡಿದ ತಪ್ಪಿಗೆ ಒಂದು ಕೊನೆಯಿದೆ. ಮಾಡದೆ ಬಿಟ್ಟದ್ದಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ.

ಪ್ರಾರ್ಥನೆಗೆ ಸೇರಿದ ಒಂದು ಪದ

ಇಲ್ಲಿ ಹಿರಿಯರಿಗೆ ಒಂದು ವಿಷಯವನ್ನು ಜ್ಞಾಪಿಸಬೇಕು. ಬಲಿಪೂಜೆಯ ಆದಿಯಲ್ಲಿ ಎದೆ ಬಡಿದುಕೊಂಡು ಹೇಳುವ ಪಾಪನಿವೇದನೆಯ ಜಪವನ್ನು ಹಿಂದೆ ಲತೀನಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ, ಅದರಲ್ಲಿ ಮೂರು ಬಗೆಯ ಪಾಪಗಳ ಹೆಸರಿತ್ತು: ಆಲೋಚನೆಯಿಂದಾದುದು, ಮಾತಿನಿಂದಾದುದು, ಕೃತ್ಯದಿಂದಾದುದು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, ಜಗದ್ಗುರು ಆರನೆಯ ಪೌಲರು 1969ರಲ್ಲಿ ಅನುಮೋದಿಸಿದ ಹೊಸ ಪೂಜಾಗ್ರಂಥದಲ್ಲಿ ನಾಲ್ಕನೆಯದೊಂದು ಪದ ಸೇರಿತು. ಅದೇ ಕರ್ತವ್ಯಲೋಪ, ಮಾಡಬೇಕಾದುದನ್ನು ಮಾಡದಿರುವುದು. ಅಂದಿನಿಂದ ನಾವು ಪ್ರತಿ ವಾರ ಆ ಪದವನ್ನು ಉಚ್ಚರಿಸುತ್ತಿದ್ದೇವೆ. ಆದರೆ ನಾಲಗೆಗೆ ರೂಢಿಯಾದದ್ದು ಮನಸ್ಸಿಗೆ ತಟ್ಟಿದೆಯೇ?

ಈ ಬೋಧನೆ 1969ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಒಳ್ಳೆಯದನ್ನು ಮಾಡಬಲ್ಲವನು ತಿಳಿದೂ ಮಾಡದಿದ್ದರೆ ಅದು ಪಾಪವೆಂದು ಯಕೋಬರ ಪತ್ರ ತಿಳಿಸುತ್ತದೆ. ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಇದನ್ನು ವಿಚಾರ ಮಾಡಿ, ಲೋಪವೂ ಪಾಪವೇ ಎಂದರು. ಆದರೂ ಸಾಮಾನ್ಯವಾಗಿ ನೋಡಿದರೆ ಕೇಡನ್ನು ಮಾಡುವುದು ಒಳಿತನ್ನು ಬಿಡುವುದಕ್ಕಿಂತ ಘೋರವಾದುದೆಂದರು. ಈ ವಿವೇಕವನ್ನು ನಾವು ಕೈಬಿಡಬಾರದು. ಕದಿಯುವುದು ಕೊಡದಿರುವುದಕ್ಕಿಂತ ದೊಡ್ಡ ಪಾಪವೇ ಸರಿ. ಆದರೆ ಕದ್ದವನಿಗೆ ತಾನು ಕಳ್ಳನೆಂದು ಗೊತ್ತಿರುತ್ತದೆ. ಕೊಡದವನಾದರೋ ತಾನು ಸಜ್ಜನನೆಂದೇ ಭಾವಿಸಿ ಸಾಯಬಲ್ಲನು. ಲೋಪದ ಅಪಾಯವಿರುವುದು ಇಲ್ಲಿಯೇ.

ಶುಭಸಂದೇಶದ ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡೋಣ. ಪೇತ್ರನು ಪ್ರಭುವನ್ನು ಮೂರು ಸಲ ಅಲ್ಲಗಳೆದನು. ಬಾಯಿಂದ ಆಡಿದ, ಸಾಕ್ಷಿಗಳಿದ್ದ, ಕೋಳಿ ಕೂಗಿ ಸಾರಿದ ತಪ್ಪು ಅದು. ಅವನು ಹೊರಗೆ ಹೋಗಿ ಬಹಳವಾಗಿ ಅತ್ತನು, ಮರಳಿ ಬಂದನು, ಧರ್ಮಸಭೆಯ ಬಂಡೆಯಾದನು. ಇನ್ನೊಬ್ಬನು ಆ ಧನವಂತ ಯುವಕ. ಅವನು ಬಾಲ್ಯದಿಂದ ಆಜ್ಞೆಗಳನ್ನೆಲ್ಲ ಪಾಲಿಸಿದವನು. ಪ್ರಭು ಅವನನ್ನು ಪ್ರೀತಿಯಿಂದ ನೋಡಿ ಕರೆದರು. ಅವನು ಯಾವ ಕೇಡನ್ನೂ ಮಾಡಲಿಲ್ಲ, ಬರಲಿಲ್ಲ, ಅಷ್ಟೇ. ಮುಖ ಬಾಡಿಸಿಕೊಂಡು ಹೊರಟುಹೋದನು. ಪೇತ್ರನ ಹೆಸರಿನಲ್ಲಿ ಲೋಕದಲ್ಲೆಲ್ಲ ದೇವಾಲಯಗಳಿವೆ. ಆ ಯುವಕನ ಹೆಸರನ್ನು ಶುಭಸಂದೇಶಕಾರರು ಬರೆದೂ ಇಲ್ಲ.

ಹಸಿ ಗಾರೆಯ ಪಾಠ

ಇಲ್ಲಿಂದ ಗುಡ್ಡ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿಯೇ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ ಸಿಗುತ್ತದೆ. ಇಟಲಿಯ ಬೆರ್ಗಮೊ ಬಳಿಯಲ್ಲಿ 1854ರಲ್ಲಿ ಜನಿಸಿದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗಿನ ಅಲ್ಪ ಕಾಲದಲ್ಲಿ ಅದರ ಗೋಡೆ ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಅವುಗಳಲ್ಲಿ ಕೆಲವು ಕ್ಯಾನ್ವಾಸಿನ ಮೇಲಣ ತೈಲವರ್ಣ ಚಿತ್ರಗಳು, ಕೆಲವು ಗೋಡೆಯ ಮೇಲೆಯೇ ಬರೆದ ಫ್ರೆಸ್ಕೋ ಚಿತ್ರಗಳು. ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಅವನ್ನು ತೋರಿಸಲು ನಮಗೆ ಹೆಮ್ಮೆ. ಆದರೆ ಫ್ರೆಸ್ಕೋ ಬರೆಯುವ ವಿಧಾನದಲ್ಲಿಯೇ ನಮ್ಮ ಇಂದಿನ ವಿಷಯಕ್ಕೆ ಒಂದು ಪಾಠವಿದೆ.

ಗೋಡೆಗೆ ಸುಣ್ಣದ ಗಾರೆಯನ್ನು ಮೆತ್ತಿ, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣದಿಂದ ಚಿತ್ರ ಬರೆಯಬೇಕು. ಗಾರೆ ಒಣಗುವಾಗ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಬಣ್ಣವು ಆ ಕಲ್ಲಿನೊಳಗೆ ಸೆರೆಯಾಗಿ ತಲೆಮಾರುಗಳವರೆಗೆ ಉಳಿಯುತ್ತದೆ. ಆದುದರಿಂದ ಕಲಾವಿದನು ಒಂದು ದಿನದಲ್ಲಿ ಬರೆದು ಮುಗಿಸಬಲ್ಲಷ್ಟು ಭಾಗಕ್ಕೆ ಮಾತ್ರ ಗಾರೆ ಹಾಕುತ್ತಾನೆ. ಗೆರೆ ತಪ್ಪಿದರೆ? ಆ ಭಾಗವನ್ನು ಕೆತ್ತಿ ತೆಗೆದು, ಹೊಸ ಗಾರೆ ಹಾಕಿ, ಮತ್ತೆ ಬರೆಯಬಹುದು. ಶ್ರಮವಿದೆ, ಆದರೆ ದಾರಿಯಿದೆ. ನಾಳೆ ಬರೆಯೋಣವೆಂದು ಕುಂಚ ಕೆಳಗಿಟ್ಟರೆ ಗಾರೆ ಒಣಗುತ್ತದೆ. ಒಣಗಿದ ಗಾರೆಯ ಮೇಲೆ ಬರೆದ ಬಣ್ಣ ಹಾಗೆ ಕಲ್ಲಿನೊಳಗೆ ಇಳಿಯುವುದಿಲ್ಲ.

ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರಿಗೆ ನಮ್ಮ ಊರಿನಲ್ಲಿ ದೊರೆತದ್ದು ಕೆಲವೇ ವರ್ಷಗಳ ಹಸಿ ಗಾರೆ. ಅದನ್ನು ಅವರು ಒಣಗಗೊಡಲಿಲ್ಲ.

ಕೈಗೆಟುಕಿದ ಸಣ್ಣ ಕೆಲಸ

ಅವಕಾಶವೆಂದರೆ ದೊಡ್ಡದೇನೋ ಎಂದು ನಾವು ಕಾದು ಕುಳಿತಿರುತ್ತೇವೆ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಒಬ್ಬರು. ಅವರು ಬಂದದ್ದು ಬೋಧಿಸುವುದಕ್ಕೆ. ಹೋಮಿಯೋಪತಿಯ ಔಷಧಗಳ ಪರಿಚಯ ಅವರಿಗಿತ್ತು. ಇದು ನನ್ನ ಕೆಲಸವಲ್ಲವೆಂದು ಅವರು ಸುಮ್ಮನಿದ್ದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. 1880ರಲ್ಲಿ ಅವರು ಬಡವರಿಗಾಗಿ ಸಣ್ಣ ಔಷಧಾಲಯವೊಂದನ್ನು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. 1902ರಲ್ಲಿ ಪ್ಲೇಗು ಹರಡಿದಾಗ ಆ ರೋಗಿಗಳಿಗೂ ಆಸ್ಪತ್ರೆ ಸಿದ್ಧವಾಯಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ಐಕ್ಯರಾದರು. ಕಂಕನಾಡಿಯ ದೊಡ್ಡ ಆಸ್ಪತ್ರೆ ಅವರ ಹೆಸರನ್ನು ಹೊತ್ತು ನಿಂತಿದೆ. ಎಲ್ಲವೂ ಮೊಳೆತದ್ದು ಆ ಸಣ್ಣ ಔಷಧಾಲಯದಿಂದ.

ಇನ್ನೊಬ್ಬರ ಹೆಸರನ್ನು ಇಲ್ಲಿಯ ಪುರಭವನ ಹೊತ್ತಿದೆ. ಕುದ್ಮುಲ್ ರಂಗರಾಯರು ನಮ್ಮ ಧರ್ಮದವರಲ್ಲ, ಆದರೆ ನಮ್ಮ ಊರಿನವರು, ನಮಗೆ ಗುರುಸಮಾನರು. ದಲಿತರ ಮಕ್ಕಳು ಶಾಲೆಯ ಮೆಟ್ಟಿಲನ್ನು ಹತ್ತಲಾಗದ ಕಾಲದಲ್ಲಿ ಅವರು 1892ರಲ್ಲಿ ಅವರಿಗಾಗಿ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ಅವರಿಗೆ ಅಂದು ಅನೇಕ ಕಷ್ಟಗಳು ಬಂದವು, ನಿಜ. ಆದರೆ ಅದೇ ಊರಿನಲ್ಲಿ ಅದೇ ವರ್ಷ ತಮ್ಮ ತಮ್ಮ ಜಗಲಿಗಳಲ್ಲಿ ಕುಳಿತು, ಪಾಪ, ಆ ಮಕ್ಕಳಿಗೆ ಯಾರಾದರೂ ಏನಾದರೂ ಮಾಡಬೇಕಿತ್ತೆಂದು ಹೇಳಿ ಒಳಗೆ ಹೋದವರು ಎಷ್ಟು ಮಂದಿ ಇದ್ದಿರಬಹುದು? ಅವರಲ್ಲಿ ಎಲ್ಲ ಜಾತಿಯವರೂ ಎಲ್ಲ ಮತದವರೂ ಇದ್ದಿರಬಹುದು. ನಮ್ಮ ಹಿರಿಯರೂ ಇದ್ದಿರಬಹುದು. ಅವರ ಹೆಸರುಗಳು ಎಲ್ಲಿಯೂ ಇಲ್ಲ. ಲೋಪವನ್ನು ಇತಿಹಾಸ ದಾಖಲಿಸುವುದಿಲ್ಲ.

ಯಾವುದಕ್ಕೆ ಮರುಗಬೇಕು?

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೈತಪ್ಪಿದ ಪ್ರತಿಯೊಂದಕ್ಕೂ ಮರುಗುತ್ತ ಕೂರುವುದು ಪಶ್ಚಾತ್ತಾಪವಲ್ಲ. ಸೆಂಟ್ಸಿಗೆ ಕೆಲವೇ ರೂಪಾಯಿ ಇದ್ದಾಗ ಆ ಜಾಗವನ್ನು ಕೊಳ್ಳಲಿಲ್ಲ, ಕೊಲ್ಲಿ ದೇಶದ ವೀಸಾ ಬಂದಾಗ ಹೋಗಲಿಲ್ಲ, ಮುಂಬಯಿಯ ಆ ನೌಕರಿಯನ್ನು ಹಿಡಿದಿದ್ದರೆ ಇಂದು ಎಲ್ಲಿರುತ್ತಿದ್ದೆನೋ: ಇಂಥ ಮಾತುಗಳನ್ನು ನಾವು ಮದುವೆಯ ಮನೆಗಳಲ್ಲಿಯೂ ಬೊಜ್ಜದ ಮನೆಗಳಲ್ಲಿಯೂ ಕೇಳುತ್ತಲೇ ಇರುತ್ತೇವೆ. ನಡೆಯದ ದಾರಿಯಲ್ಲಿ ಕಲ್ಲುಮುಳ್ಳು ಕಾಣುವುದಿಲ್ಲ. ನಾವು ಬಾಳಿದ ಜೀವನದ ಕುಂದುಗಳು ನಮಗೆ ಗೊತ್ತು. ಬಾಳದ ಜೀವನವನ್ನು ಮನಸ್ಸು ತನಗೆ ಬೇಕಾದಂತೆ ಸಿಂಗರಿಸುತ್ತದೆ. ಈ ಎರಡನ್ನು ಹೋಲಿಸಿ ಕೊರಗುವುದು ನಮ್ಮ ಮನೆಮಂದಿಗೆ ಮಾಡುವ ಅನ್ಯಾಯ.

ಅದಕ್ಕಿಂತಲೂ ಮುಖ್ಯವಾಗಿ, ಪ್ರೀತಿಗಾಗಿ ಬಿಟ್ಟುಕೊಟ್ಟ ಅವಕಾಶವು ಕಳೆದುಹೋದ ಅವಕಾಶವಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದಕ್ಕಾಗಿ ಪರದೇಶಕ್ಕೆ ಹೋಗದೆ ಉಳಿದ ಮಗಳು, ತಮ್ಮಂದಿರ ವಿದ್ಯಾಭ್ಯಾಸಕ್ಕಾಗಿ ತಾನು ಓದು ನಿಲ್ಲಿಸಿದ ಅಣ್ಣ, ಇಂಥವರು ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇದ್ದಾರೆ. ಅವರು ಏನನ್ನೋ ಮಾಡದೆ ಬಿಟ್ಟರೆಂದು ತೋರುತ್ತದೆ. ನಿಜವಾಗಿ ಅವರು ದಿನದಿನವೂ ಮಾಡಿದರು.

ಹಾಗಾದರೆ ಗುರುತಿಸುವುದು ಹೇಗೆ? ನಮಗೆ ತೋರುವ ಮೂರು ಪ್ರಶ್ನೆಗಳಿವೆ. ಅದರಿಂದ ಒಳಿತಾಗಬೇಕಾಗಿದ್ದುದು ಯಾರಿಗೆ, ನನಗೋ ಇನ್ನೊಬ್ಬರಿಗೋ? ಅದು ನನ್ನ ಕೈಲಿ ಆಗುವಂಥದ್ದಾಗಿತ್ತೇ? ನನ್ನನ್ನು ತಡೆದದ್ದು ವಿವೇಕವೋ, ಇಲ್ಲವೇ ಸೋಮಾರಿತನ, ಅಂಜಿಕೆ, ಅಭಿಮಾನಗಳೋ? ಮಾಸ್ಟ್ರ ಓಣಿಯ ವಿಷಯದಲ್ಲಿ ಈ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಂಡಾಗ ತಪ್ಪಿಸಿಕೊಳ್ಳಲು ನಮಗೆ ದಾರಿಯಿರಲಿಲ್ಲ.

ನಮ್ಮ ಧರ್ಮಕೇಂದ್ರದ ಲೆಕ್ಕ

ಪ್ರಿಯ ಬಾಂಧವರೇ, ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನೂರು ವರ್ಷದಲ್ಲಿ ನಮ್ಮ ಧರ್ಮಕೇಂದ್ರವು ಮಾಡಿದ್ದರ ಪಟ್ಟಿ ಉದ್ದವಾಗಿದೆ. ಮಾಡದ್ದರ ಪಟ್ಟಿಯಲ್ಲಿ ಏನಿದೆ?

ಯಾವುದೋ ಲೆಕ್ಕಪತ್ರದ ಜಗಳದಲ್ಲಿಯೋ ಶವಸಂಸ್ಕಾರದ ಹೊತ್ತಿನ ಒಂದು ಕಟುನುಡಿಯಿಂದಲೋ ಇಗರ್ಜಿಗೆ ಬರುವುದನ್ನೇ ನಿಲ್ಲಿಸಿದ ಕುಟುಂಬಗಳಿವೆ. ಅವರೇ ಬರಲಿ ಎಂದು ನಾವು ಕಾದೆವು. ಎಷ್ಟು ವರ್ಷವಾಯಿತು? ಮಕ್ಕಳೆಲ್ಲ ಪರದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ವೃದ್ಧರಿದ್ದಾರೆ. ಹಣಕ್ಕೆ ಕೊರತೆಯಿಲ್ಲದ ಕಾರಣ ಅವರ ಹೆಸರು ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಪಟ್ಟಿಗೂ ಬರುವುದಿಲ್ಲ. ನಮ್ಮ ಕಟ್ಟಡಗಳಿಗೆ ಕಲ್ಲು ಹೊರಲು ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಕೂಲಿಕಾರರ ಮಕ್ಕಳು ನಮ್ಮ ಓಣಿಗಳಲ್ಲಿಯೇ ಆಡುತ್ತಾರೆ. ಅವರು ಶಾಲೆಗೆ ಹೋಗುತ್ತಾರೋ ಇಲ್ಲವೋ ಎಂದು ನಾವು ಕೇಳಿದ್ದೇವೆಯೇ? ನಮ್ಮ ಅಜ್ಜಿಯರು ಹಾಡುತ್ತಿದ್ದ ಕೊಂಕಣಿ ವೋವಿಯೊಗಳನ್ನೂ ಹೇಳುತ್ತಿದ್ದ ಕತೆಗಳನ್ನೂ ಬರೆದಿಡಬೇಕೆಂದು ಎಷ್ಟು ಸಭೆಗಳಲ್ಲಿ ನಿರ್ಧರಿಸಿದೆವು! ಒಬ್ಬೊಬ್ಬರಾಗಿ ಅಜ್ಜಿಯರು ಹೋದರು. ನಿರ್ಧಾರಗಳು ಮಾತ್ರ ವರದಿಯ ಪುಸ್ತಕದಲ್ಲಿ ಉಳಿದವು. ಜಾತಿಯ ಲೆಕ್ಕವನ್ನು ಜ್ಞಾನಸ್ನಾನದ ನೀರಿನಲ್ಲಿ ಬಿಟ್ಟೆವೆಂದು ಹೇಳುತ್ತಲೇ, ಸಂಬಂಧ ಕುದುರಿಸುವಾಗ ಅದನ್ನು ಮೆಲ್ಲನೆ ಕೇಳಿ ತಿಳಿದುಕೊಂಡೆವು. ಆಗ ಎದ್ದು ನಿಂತು ಬೇಡವೆಂದು ಹೇಳಬಹುದಾಗಿದ್ದವರು ಕಾಫಿಯ ಲೋಟದತ್ತ ನೋಡುತ್ತ ಕುಳಿತರು. ಕುಳಿತವರಲ್ಲಿ ನಾವೂ ಇದ್ದೆವು.

ಇದನ್ನೆಲ್ಲ ಹೇಳುವುದು ಹಬ್ಬದ ಸಂತೋಷಕ್ಕೆ ಹುಳಿ ಹಿಂಡುವುದಕ್ಕಲ್ಲ. ನೂರು ವರ್ಷ ತುಂಬಿದ ಮನೆಗೆ ತನ್ನ ಸಾಲವನ್ನು ತೀರಿಸುವ ಶಕ್ತಿಯೂ ಇರಬೇಕಲ್ಲವೇ? ಈ ಪಟ್ಟಿಯಲ್ಲಿರುವ ಬಹುಪಾಲು ಗಾರೆ ಇನ್ನೂ ಹಸಿಯಾಗಿಯೇ ಇದೆ. ಆ ಕುಟುಂಬಗಳು ಇನ್ನೂ ಇದೇ ಊರಿನಲ್ಲಿವೆ. ಆ ವೃದ್ಧರು ಇನ್ನೂ ಜಗಲಿಯಲ್ಲಿ ಕುಳಿತಿದ್ದಾರೆ. ಆ ಮಕ್ಕಳಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸು ಮೀರಿಲ್ಲ. ಕೆಲವು ಅಜ್ಜಿಯರಾದರೂ ಇನ್ನೂ ಉಳಿದಿದ್ದಾರೆ.

ಆದುದರಿಂದ ನಮ್ಮದೊಂದು ವಿನಂತಿ.

ಇಂದು ಮನೆಗೆ ಹೋದ ಮೇಲೆ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಮೂರು ಹೆಸರುಗಳನ್ನು ಬರೆಯೋಣ: ನಾವು ಹೋಗಬೇಕಾಗಿದ್ದು ಹೋಗದ ಒಂದು ಮನೆ, ಕೃತಜ್ಞತೆ ಹೇಳಬೇಕಾಗಿದ್ದು ಹೇಳದ ಒಬ್ಬ ವ್ಯಕ್ತಿ, ಮಾತು ಬಿಟ್ಟ ಒಬ್ಬ ಬಂಧು. ಶತಮಾನೋತ್ಸವದ ಬಲಿಪೂಜೆಗೆ ಬರುವ ಮುನ್ನ ಆ ಮೂವರಲ್ಲಿ ಒಬ್ಬರ ಹೊಸ್ತಿಲನ್ನಾದರೂ ಮುಟ್ಟೋಣ. 'ನಾಳೆ ಎಂದವನ ಮನೆ ಹಾಳು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೆಸರು ಬರೆಯುವಾಗ ಕೆಲವರಿಗೆ ಕೈ ನಡುಗಬಹುದು. ಆ ವ್ಯಕ್ತಿ ಈಗ ಇಲ್ಲದಿರಬಹುದು. ಹಾಗಿದ್ದರೆ ಏನು ಮಾಡುವುದು? ಧರ್ಮಸಭೆ ನಮ್ಮನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಮೃತರಿಗಾಗಿ ಪ್ರಾರ್ಥಿಸುವ, ಅವರ ಹೆಸರಿನಲ್ಲಿ ಬಲಿಪೂಜೆ ಅರ್ಪಿಸುವ ಭಾಗ್ಯ ನಮಗಿದೆ. ಅವರಿಗೆ ಸಲ್ಲಬೇಕಾಗಿದ್ದುದನ್ನು ಇನ್ನೊಬ್ಬರಿಗೆ ಸಲ್ಲಿಸುವ ದಾರಿಯೂ ಇದೆ. ನಾವು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕವನ್ನು, ಮಾಸ್ಟ್ರು ಮಾಡಿದಂತೆ ಯಾರಿಗೂ ತಿಳಿಸದೆ, ಕಟ್ಟುತ್ತ ಬಂದಿದ್ದೇವೆ. ಇಂದು ಸಭೆಯಲ್ಲಿ ಹೇಳಿ ಆ ಗುಟ್ಟನ್ನು ಕೆಡಿಸಿದ್ದಕ್ಕೆ ಕ್ಷಮೆಯಿರಲಿ. ಅದರಿಂದ ಕಪಾಟಿನ ಪೊಟ್ಟಣ ಹಗುರವಾಗಿಲ್ಲ. ಆದರೆ ಆ ಪೊಟ್ಟಣವನ್ನು ನೋಡಿ ಬರಿದೆ ಕೊರಗುವುದು ನಿಂತಿದೆ. ಅದನ್ನು ನೋಡಿದಾಗ ಈಗ ಎದ್ದು ಹೊರಡುವ ಮನಸ್ಸಾಗುತ್ತದೆ.

ಈ ಹಂಪನಕಟ್ಟೆಯ ಪರಿಸರದಲ್ಲಿದ್ದ ಗಡಿಯಾರ ಗೋಪುರವನ್ನು 1990ರ ದಶಕದಲ್ಲಿ ಕೆಡವಲಾಯಿತು. ಮುಂದೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮತ್ತೆ ಗೋಪುರವನ್ನು ಕಟ್ಟಿದರು. ಕೆಡವಿದ್ದನ್ನು ಕಟ್ಟಬಹುದು. ನಡುವೆ ಉರುಳಿಹೋದ ಗಂಟೆಗಳನ್ನು ಯಾವ ಯೋಜನೆಯೂ ಮರಳಿ ತರಲಾರದು.

ಸಭೆ ಮುಗಿದು ಹೊರಗೆ ಹೋಗುವಾಗ ಆ ಬಾವಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ. ಬಾಯಾರಿದ ಕಿರಿಯರಲ್ಲಿ ಒಬ್ಬನಿಗೆ ಒಂದು ಲೋಟ ತಣ್ಣೀರು ಕೊಟ್ಟವನೂ ಪ್ರತಿಫಲವನ್ನು ಕಳೆದುಕೊಳ್ಳಲಾರನೆಂದು ಪ್ರಭು ಹೇಳಿದ್ದು ನಮಗೆ ನೆನಪಾಗಲಿ. ನಮ್ಮ ನಮ್ಮ ಬಾವಿಗಳ ಮೇಲೆ ನಾವೇ ಎಳೆದ ಚಪ್ಪಡಿಯನ್ನು ಸರಿಸುವ ಶಕ್ತಿಯನ್ನು ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ದೇವರು ನಮಗೆ ಕರುಣಿಸಲಿ.